ಫಾರಮ್ಮಿನಲ್ಲಿ ಎಡೆಗೆ ಜಾಗವಿಲ್ಲ

ತಿಗನಾರೆಯ ಮನೋಹರ ಕುಡುಕನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಅವನೇ ನಡುವೆ ಬಾಯಿ ಹಾಕಿ ಹೇಳುತ್ತಾನೆ. ಕಳೆದ ಏಳು ತಿಂಗಳಿಂದ ಹಾಲಿನ ಡೈರಿಯ ಸಾಲಿನಲ್ಲಿ, ಕಟಿಂಗ್ ಶಾಪಿನ ಕುರ್ಚಿಯಲ್ಲಿ, ಹಿಟ್ಟಿನ ಮಿಲ್ಲಿನ ಸದ್ದಿನ ನಡುವೆ ಕೂಗಿಕೊಂಡಾದರೂ ಸರಿ, ಅವನು ಹೇಳುತ್ತ ಬಂದಿರುವುದು ಇದನ್ನೇ. ಊರು ನಂಬಿದೆ. ಹತ್ತೊಂಬತ್ತು ವರ್ಷ ಅವನ ಗಾಡಿಯಲ್ಲಿ ಕೂತು ಓಡಾಡಿದ ಊರು, ನಂಬದೆ ಇನ್ನೇನು ಮಾಡೀತು? ಆದರೂ ಅವನ ಹಳದಿ ಬೋರ್ಡಿನ ಓಮ್ನಿ ವ್ಯಾನು ಮನೆ ಮುಂದಿನ ಹೊಂಗೆ ಮರದ ಕೆಳಗೆ ನಿಂತು ಎರಡು ತಿಂಗಳಾಗಿದೆ. ಗಾಜಿನ ತುಂಬ ಹೊಂಗೆ ಹೂ ಉದುರಿ ಒಣಗಿದೆ. ಹಿಂದಿನ ಚಕ್ರದ ಪಕ್ಕ ಒಂದು ಕೋಳಿ ಕಾವಿಗೆ ಕೂತಿದೆ. ಮನೋಹರ ಅದನ್ನು ಎಬ್ಬಿಸಿಲ್ಲ. ಎಬ್ಬಿಸಿ ಗಾಡಿ ಎಲ್ಲಿಗೆ ತೆಗೆಯಬೇಕಾಗಿದೆ?

ಮನೋಹರನಿಗೆ ಈಗ ನಲವತ್ತೆರಡು. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆ, ಆಮೇಲೆ ದನ, ಆಮೇಲೆ ಸ್ಟೀರಿಂಗು. ದನ ಬಿಡಿಸಿ ಸ್ಟೀರಿಂಗು ಹಿಡಿಸಿದವನು ಗೆಟ್ಟವಾಡಿಯ ಪುಟ್ಟಸ್ವಾಮಿ, ಅವನ ತಾಯಿ ಮಂಚಮ್ಮನ ತಮ್ಮ. ಪುಟ್ಟಸ್ವಾಮಿ ಎಲೆಕೋಸು ತುಂಬಿದ ಲಾರಿಯನ್ನು ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿಸಿ ಸತ್ಯಮಂಗಲಕ್ಕೆ ಮುಟ್ಟಿಸುತ್ತಿದ್ದ. ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ವರ್ಷ ಬರೀ ನೋಡಲು ಬಿಟ್ಟ, ಮೂರನೇ ವರ್ಷ ಗೇರು ಮುಟ್ಟಲು ಬಿಟ್ಟ. ಮಾವನಿಗೆ ಬ್ರಾಂದಿ ಎಂದರೆ ಪ್ರಾಣ. ಆದರೆ ಲಾರಿ ಮನೆ ಮುಂದೆ ನಿಲ್ಲಿಸಿ, ಕೀಲಿಯನ್ನು ಗೋಡೆಯ ಮೊಳೆಗೆ ತಗುಲಿಹಾಕಿ, ಕೈಕಾಲು ತೊಳೆದ ಮೇಲೇ ಅವನ ಬಾಟಲಿಯ ಮುಚ್ಚಳ ತೆರೆಯುತ್ತಿದ್ದದ್ದು. "ಕೀಲಿ ಮೊಳೆ ಮ್ಯಾಲ ಇರ್ಬೇಕು ಕಣ್ಲಾ, ಆಮ್ಯಾಕೆ ಲೋಟ ಕೈಗೆ" ಎನ್ನುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದು ದಿನವೂ ಅವನು ಈ ಕ್ರಮ ತಪ್ಪಿಸಲಿಲ್ಲ. ಮನೋಹರನೂ ತಪ್ಪಿಸಿರಲಿಲ್ಲ, ಆ ಮಾವನ ತಿಥಿಯ ದಿನದವರೆಗೆ.

ವ್ಯಾನು ಕೊಂಡ ಮೇಲೆ ಮನೋಹರ ಶಾಲೆಯ ಮಕ್ಕಳನ್ನು ಒಯ್ಯಲು ಹಿಡಿದ. ತಿಗನಾರೆ ತಮಿಳುನಾಡಿಗೆ ಸೇರಿದ ಕನ್ನಡದ ಗಡಿಯೂರು; ಅಲ್ಲಿಂದ ಟಾರು ರಸ್ತೆಗೆ ಮೂರು ಕಿಲೋಮೀಟರ್. ಒಂದು ಕಡೆ ಜೋಳದ ಹೊಲ, ಇನ್ನೊಂದು ಕಡೆ ಆನೆ ಕಂದಕ. ಕಂದಕ ತೋಡಿದವರು ತೋಡಿದರು, ಆನೆಗಳು ಮಣ್ಣು ಕೆಡವಿಕೊಂಡು ದಾಟಿದವು. ಜೋಳ ಹಾಲುಗಟ್ಟುವ ಹೊತ್ತಿಗೆ ಬೆಳಗಿನ ಏಳೂವರೆಗೂ ಅವು ರಸ್ತೆ ಬಿಟ್ಟು ಕದಲುವುದಿಲ್ಲ. ಎಂಟು ಗಂಟೆಯ ಬಸ್ಸು ಹಿಡಿಯಲು ಮಕ್ಕಳು ಆ ದಾರಿಯಲ್ಲಿ ನಡೆಯಬೇಕು ಎಂದರೆ ತಾಯಂದಿರ ಎದೆ ಡವಡವ. ಹಾಗಾಗಿ ಮನೋಹರನ ವ್ಯಾನು. ಕಾಗದದ ಪ್ರಕಾರ ಏಳು ಮಕ್ಕಳು, ತನ್ನ ಮಗಳು ಸೇರಿ ಎಂಟು, ಮಳೆ ಬಂದ ದಿನ ಲೆಕ್ಕ ಕೇಳಬಾರದು. ತಾಳವಾಡಿಯ ಶಾಲೆಯ ಗೇಟಿನೊಳಗೇ ಇಳಿಸಿ, ಮತ್ತೆ ನಾಲ್ಕೂಕಾಲಿಗೆ ತಂದು ಮನೆಮನೆಯ ಬಾಗಿಲಿಗೆ ಬಿಡುತ್ತಿದ್ದ. ಮಕ್ಕಳು ಅವನನ್ನು ವ್ಯಾನ್ ಮಾವ ಎಂದೇ ಕರೆಯುವುದು. ಅವನ ಮಗಳು ಸ್ಪಂದನಳೂ ಅದೇ ವ್ಯಾನಿನಲ್ಲಿ ಮುಂದಿನ ಸೀಟಿನಲ್ಲಿ ಕೂತು, ಹಿಂದಿನವರು ಗಲಾಟೆ ಮಾಡಿದರೆ ಕಣ್ಣು ಬಿಡುತ್ತಿದ್ದಳು.

ಪುಟ್ಟಸ್ವಾಮಿ ಕಾರ್ತಿಕದಲ್ಲಿ ತೀರಿಕೊಂಡ. ಹನ್ನೊಂದನೇ ದಿನ ಗೆಟ್ಟವಾಡಿಯಲ್ಲಿ ತಿಥಿ. ಆ ಮನೆತನದ ಪದ್ಧತಿ ಹೀಗೆ: ಸತ್ತವರು ಇಷ್ಟಪಟ್ಟು ತಿಂದದ್ದು ಕುಡಿದದ್ದನ್ನೆಲ್ಲ ಬಾಳೆಲೆಯ ಮೇಲೆ ಎಡೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ಕೂರುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಎಡೆಯನ್ನು ಮೊದಲು ಅಳಿಯ, ಎಂದರೆ ಅಕ್ಕತಂಗಿಯರ ಮಗ, ಮುಟ್ಟಬೇಕು. ಅವನು ಬಾಯಿಗೆ ಹಾಕಿಕೊಳ್ಳದೆ ಉಳಿದವರಿಗೆ ಊಟವಿಲ್ಲ. ಪುಟ್ಟಸ್ವಾಮಿಯ ಎಲೆಯ ಮೇಲೆ ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ, ಪಕ್ಕದಲ್ಲಿ ಪುಟ್ಟ ಸ್ಟೀಲು ಲೋಟದಲ್ಲಿ ಎರಡು ಬೆರಳು ಬ್ರಾಂದಿ. ನೆಂಟರೆಲ್ಲ ನೋಡುತ್ತಿದ್ದಂತೆ ಮನೋಹರ ಲೋಟ ಕಣ್ಣಿಗೊತ್ತಿಕೊಂಡು ಕುಡಿದ. ಬಾಗಿಲ ಬಳಿ ಅಜ್ಜಿಯ ಸೆರಗು ಹಿಡಿದು ನಿಂತಿದ್ದ ಸ್ಪಂದನ ಅದನ್ನು ಕಣ್ಣಾರೆ ಕಂಡಳು. ಅಪ್ಪ ಮುಖ ಕಿವುಚಿದ್ದು ಕಂಡು ಅವಳಿಗೆ ನಗು ಬಂತು.

ಅವಳು ಕಂಡದ್ದು ಅಷ್ಟು. ಕಾಣದ್ದು ಇನ್ನೊಂದಿಷ್ಟಿದೆ. ಊಟವಾದ ಮೇಲೆ ಮನೋಹರ ಕೊಟ್ಟಿಗೆಯ ಹಿಂದಕ್ಕೆ ಹೋದ. ಅಲ್ಲಿ ಮಾವನ ಹಳೆಯ ಲಾರಿಯ ಜೊತೆಗಾರರು ಕೂತಿದ್ದರು. ಘಾಟಿಯ ಮಾತು ಬಂತು, ಮಾವನ ಮಾತು ಬಂತು, ಹನ್ನೊಂದು ದಿನದಿಂದ ಬಾರದಿದ್ದ ಅಳು ಬಂತು. ಯಾರೋ ಲೋಟ ಕೊಟ್ಟರು. ಕುಡಿದ. ಮತ್ತೆ ಕೊಟ್ಟರು. ಬೇಡ ಎನ್ನಬಹುದಿತ್ತು, ಯಾರೂ ಮೂಗು ಹಿಡಿದು ಬಾಯಿಗೆ ಸುರಿಯಲಿಲ್ಲ. ಅವನಿಗೆ ಬೇಕಾಗಿತ್ತು, ಕುಡಿದ. ಆಮೇಲೆ ಜೇಬಿನಿಂದ ಕೀಲಿ ತೆಗೆದು, ಮಂಚಮ್ಮನನ್ನೂ ಹೆಂಡತಿ ರೇವತಿಯನ್ನೂ ಸ್ಪಂದನಳನ್ನೂ ಕೂರಿಸಿಕೊಂಡು ಊರ ಕಡೆ ಹೊರಟ.

ಸಂಜೆ ನಾಲ್ಕು ಗಂಟೆ, ಕಣ್ಣು ಕುಕ್ಕುವ ಬಿಸಿಲು. ತಾಳವಾಡಿ ರಸ್ತೆಯ ಕೈಮರದ ಹತ್ತಿರ ಪೊಲೀಸರು ಗಾಡಿ ತಪಾಸಣೆಗೆ ನಿಂತಿದ್ದರು. ತಾನು ಗುರುತಿನವನೇ, ಕೈ ಬೀಸಿ ಮುಂದೆ ಹೋಗಬಹುದು ಎಂದುಕೊಂಡ ಮನೋಹರ. ಕಾನ್‌ಸ್ಟೇಬಲ್ ಕಿಟಕಿಗೆ ಬಗ್ಗಿ ಮೂಗು ಅರಳಿಸಿ, "ಊದಪ್ಪಾ" ಎಂದು ಮಷೀನು ಹಿಡಿದ. ಊದಿದ. ಮಷೀನು ಚೀಟಿ ಕಕ್ಕಿತು. ಮೂವತ್ತು ದಾಟಬಾರದು, ಅದರಲ್ಲಿ ತೊಂಬತ್ತೆರಡು. ಒಂದು ಲೋಟಕ್ಕೆ ಆ ಅಂಕಿ ಬರುವುದಿಲ್ಲ ಎಂದು ಮಷೀನಿಗೆ ಗೊತ್ತು, ಪೊಲೀಸರಿಗೆ ಗೊತ್ತು, ಮನೋಹರನಿಗೂ ಗೊತ್ತು. ಗೊತ್ತಿಲ್ಲದವಳು ಪಕ್ಕದ ಸೀಟಿನಲ್ಲಿದ್ದಳು. "ಸಾರ್, ಅದು ಎಡೇದು ಸಾರ್! ತಾತಂದು! ನಮ್ಮಪ್ಪ ಕುಡ್ಯಲ್ಲ ಸಾರ್!" ಎಂದು ಸ್ಪಂದನ ಕನ್ನಡದಲ್ಲೂ ತಮಿಳಿನಲ್ಲೂ ಕೂಗಿದಳು. ಆ ಕೂಗೇ ಮನೋಹರನಿಗೆ ದಾರಿ ತೋರಿಸಿತು. "ಔದು ಸಾರ್, ಎಡೆ" ಎಂದ ಅವನು. ಏಳು ತಿಂಗಳ ಮಾತು ಅಲ್ಲಿ ಶುರುವಾಯಿತು.

ಕೋರ್ಟು ಎಡೆಯ ವಿಚಾರ ಕೇಳಲಿಲ್ಲ. ಚೀಟಿ ನೋಡಿತು, ದಂಡ ಹಾಕಿತು. ಲೈಸೆನ್ಸು ಆರು ತಿಂಗಳು ಅಮಾನತಾಯಿತು. ಊರು ಮಾತ್ರ ಕೋರ್ಟನ್ನೇ ಬೈದುಕೊಂಡಿತು. ಸತ್ತ ಹಿರಿಯರ ಎಡೆ ಮುಟ್ಟಿದವನನ್ನು ಕುಡುಕ ಅನ್ನುವುದೆಂದರೇನು, ಈರೋಡಿನ ಕಡೆಯಿಂದ ಬಂದ ಜಡ್ಜಿಗೆ ನಮ್ಮ ಪದ್ಧತಿ ಏನು ಗೊತ್ತು ಎಂದು ಡೈರಿಯ ಮುಂದೆ ದೊಡ್ಡ ಚರ್ಚೆಯಾಯಿತು. ಅದನ್ನು ಕೇಳುತ್ತ ನಿಂತ ಮನೋಹರನಿಗೆ ಹಿತವೂ ಆಯಿತು, ಒಂಥರಾ ಕಸಿವಿಸಿಯೂ ಆಯಿತು. ಹಿತ ದಿನದಿನಕ್ಕೆ ಸವೆಯಿತು, ಕಸಿವಿಸಿ ಉಳಿಯಿತು. ಶಾಲೆಯಲ್ಲಿ ಯಾವಳೋ ಒಬ್ಬಳು "ನಿಮ್ಮಪ್ಪ ಕುಡುಕ" ಎಂದಳಂತೆ. ಸ್ಪಂದನ ಅವಳ ಜಡೆ ಹಿಡಿದು ಗುದ್ದಿ, ದೊಡ್ಡ ಮೇಡಂ ಮುಂದೆ ನಿಂತು, "ನಾನು ನೋಡಿದ್ದೀನಿ ಮಿಸ್, ಒಂದೇ ಲೋಟ, ಅದೂ ದೇವ್ರ ಮುಂದ ಇಟ್ಟಿದ್ದು" ಎಂದು ಸಾಕ್ಷಿ ಹೇಳಿ ಬಂದಳಂತೆ. ಅದನ್ನು ರೇವತಿ ಹೆಮ್ಮೆಯಿಂದ ಹೇಳಿದಾಗ ಮನೋಹರ ತಟ್ಟೆಯ ಅನ್ನ ಅರ್ಧಕ್ಕೇ ಬಿಟ್ಟು ಎದ್ದ. ಮಂಚಮ್ಮ ಮಾತ್ರ ಈ ವಿಷಯದಲ್ಲಿ ಒಂದು ದಿನವೂ ಬಾಯಿ ಬಿಡಲಿಲ್ಲ. ಆ ದಿನ ವ್ಯಾನಿನಲ್ಲಿ ಮಗನ ಹಿಂದಿನ ಸೀಟಿನಲ್ಲಿ ಕೂತಿದ್ದವಳು ಅವಳು. ಮೂವತ್ತು ವರ್ಷ ತಮ್ಮನ ಬ್ರಾಂದಿಯ ವಾಸನೆ ಬಲ್ಲವಳು.

ಏಪ್ರಿಲ್‌ವರೆಗೆ ಪಕ್ಕದ ಬೀದಿಯ ಚಿಕ್ಕಸಿದ್ದ ವ್ಯಾನು ಓಡಿಸಿಕೊಟ್ಟ. ಪರೀಕ್ಷೆ ಮುಗಿದು ಶಾಲೆಗೆ ಬೀಗ ಬಿದ್ದ ವಾರವೇ ಇನ್ಶೂರೆನ್ಸಿನ ಅವಧಿ ಮುಗಿಯಿತು. ಬೇಸಿಗೆಯಲ್ಲಿ ಸುಮ್ಮನೆ ನಿಲ್ಲುವ ಗಾಡಿಗೆ ಯಾಕೆ ಕಟ್ಟುವುದು, ಜೂನಿಗೆ ಲೈಸೆನ್ಸು ಕೈಗೆ ಬರುತ್ತದಲ್ಲ, ಎರಡನ್ನೂ ಒಟ್ಟಿಗೆ ಸರಿಮಾಡಿಕೊಳ್ಳೋಣ ಎಂದು ಮನೋಹರ ಜಾಣತನ ಮಾಡಿದ. ಜೂನ್ ಮೊದಲ ವಾರ ಲೈಸೆನ್ಸು ಬಂತು. ಸೋಮವಾರ ಶಾಲೆ ತೆರೆಯುವುದಿತ್ತು. ಈ ವರ್ಷ ದೊಡ್ಡ ಮೇಡಂ ಹೊಸ ನಿಯಮ ಹಾಕಿದ್ದರು: ಒಳಗೆ ಕೂತ ಮಕ್ಕಳಿಗೂ ಸೇರಿ ಇನ್ಶೂರೆನ್ಸು ಇದ್ದರೆ ಮಾತ್ರ ವ್ಯಾನಿಗೆ ಗೇಟು ತೆರೆಯುತ್ತದೆ. ಶುಕ್ರವಾರ ಮನೋಹರ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ತಾಳವಾಡಿಗೆ, ಇನ್ಶೂರೆನ್ಸ್ ಮಾಡಿಸುವ ಪ್ರಕಾಶನ ಅಂಗಡಿಗೆ ಹೋದ.

ಪ್ರಕಾಶನ ಅಂಗಡಿ ಎಂದರೆ ಜೆರಾಕ್ಸ್ ಅಂಗಡಿಯೊಳಗೆ ಒಂದು ಮೇಜು. ಅವನು ಕಾಗದಗಳನ್ನೆಲ್ಲ ನೋಡಿ, ಹಣೆ ಉಜ್ಜಿಕೊಂಡ.

"ಅಣ್ಣಾ, ಬರೀ ಥರ್ಡ್ ಪಾರ್ಟಿ ಸಾಕು ಅಂದ್ರ ಈಗ್ಲೇ ಮಾಡ್ಕೊಡ್ತೀನಿ. ಎದುರ್ಗಡೆಯೋನ್ಗ ಏನಾರ ಆದ್ರ ಅದು ಕೊಡ್ತದ. ಒಳಗ ಕೂತಿರೋ ಐಕ್ಳಿಗೆ ಸ್ಕೂಲ್ನೋರು ಕೇಳೋದು ಬ್ಯಾರೆ. ಅದ್ಕ ಡ್ರೈವರ್ ಯಾರು, ಎಂತೋನು ಅಂತ ಕಂಪ್ನಿ ಕೇಳ್ತದ."

"ಓದ್ ವರ್ಷ ಕೇಳ್ಲಿಲ್ವಲ್ಲ?"

"ಓದ್ ವರ್ಷ ಹಳೇದ್ನೇ ಮುಂದುವರ್ಸಿದ್ದು. ನೀವು ನಡುವ ಬುಟ್ಬುಟ್ರಿ. ಈಗ ಒಸದಾಗಿ ಫಾರಂ ತುಂಬ್ಬೇಕು." ಪ್ರಕಾಶ ಮೊಬೈಲು ತಿರುಗಿಸಿ ತೋರಿಸಿದ. ಇಂಗ್ಲಿಷಿನಲ್ಲಿತ್ತು. "ನೋಡಿ, ಹನ್ನೆರಡನೇ ಪ್ರಶ್ನೆ. ಡ್ರೈವರ್‌ಗೆ ಕುಡ್ದು ಓಡ್ಸಿದ್ಕೋ ಇನ್ನೊಂದ್ಕೋ ಕೋರ್ಟಲ್ಲಿ ಶಿಕ್ಷೆ ಆಗದಾ? ಔದು, ಇಲ್ಲ. ಇಲ್ಲ ಅಂತ ಒತ್ತುದ್ರ ಹತ್ ನಿಮಿಷ್ದಲ್ಲಿ ಪೇಪರ್ ಬತ್ತದ. ಔದು ಅಂತ ಒತ್ತುದ್ರ ದೊಡ್ಡ ಆಫೀಸ್ಗ ಓಯ್ತದ. ಅವ್ರು ಒಪ್ಪುದ್ರೂ ಒಪ್ಬೋದು, ತಳ್ಳುದ್ರೂ ತಳ್ಬೋದು. ಎಷ್ಟ್ ದಿನ ಅಂತ ನಾನ್ ಯೋಳಕ್ಕಾಗಲ್ಲ."

"ಅದು ಎಡೆ ಕಣ ಪ್ರಕಾಶ. ಕುಡ್ತ ಅಲ್ಲ."

"ಅಣ್ಣಾ, ಫಾರಮ್ಮಲ್ಲಿ ಎಡೆಗೆ ಜಾಗ ಇಲ್ಲ."

ಪ್ರಕಾಶ ಇದನ್ನು ಗೇಲಿಗೆ ಹೇಳಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದ. ಮನೋಹರ ಮೇಜಿನ ಅಂಚು ಹಿಡಿದುಕೊಂಡು ಬೇರೆ ದಾರಿಗಳನ್ನೆಲ್ಲ ತಡಕಾಡಿದ. ಗಾಡಿ ರೇವತಿಯ ಹೆಸರಿಗೆ ಮಾಡಿದರೆ? ಪ್ರಶ್ನೆ ಗಾಡಿ ಯಾರದು ಅಂತಲ್ಲ, ಓಡಿಸುವವನು ಯಾರು ಅಂತ. ಚಿಕ್ಕಸಿದ್ದನ ಹೆಸರು ಹಾಕಿದರೆ? ಚಿಕ್ಕಸಿದ್ದ ಮೇ ತಿಂಗಳಲ್ಲೇ ಚಾಮರಾಜನಗರದ ಒಂದು ಕೋಳಿ ಫಾರಂನ ಗಾಡಿಗೆ ಸೇರಿಕೊಂಡಿದ್ದ. ಅವನ ಹೆಸರು ಬರೆದು ಇವನು ಓಡಿಸಿದರೆ ಅದು ಇನ್ನೊಂದು ಸುಳ್ಳು. ಬೇರೆ ಕಂಪನಿಗೆ ಹೋದರೆ? ಪ್ರಕಾಶ ಇನ್ನೆರಡು ಕಂಪನಿಗಳ ಫಾರಂ ತೆರೆದು ತೋರಿಸಿದ. ಒಂದರಲ್ಲಿ ಅದು ಒಂಬತ್ತನೇ ಪ್ರಶ್ನೆ, ಇನ್ನೊಂದರಲ್ಲಿ ಹದಿನೇಳನೇದು.

"ಇಲ್ಲ ಅಂತ ಒತ್ಬುಡಿ ಅಣ್ಣಾ. ಎಲ್ಲಾರೂ ಅಂಗೇ ಮಾಡೋದು. ಯಾರೂ ಬಂದು ನೋಡಲ್ಲ."

"ಏನಾರ ಆದ್ರ?"

"ಏನಾರ ಆದ್ರ ಮಾತ್ರ ನೋಡ್ತಾರ." ಪ್ರಕಾಶ ದನಿ ತಗ್ಗಿಸಿದ. "ಆವಾಗ ಈ ಪೇಪರ್ ಇದ್ರೂ ಒಂದೆ, ಇಲ್ದಿದ್ರೂ ಒಂದೆ. ಮನೇಲಿ ಯೋಚ್ನೆ ಮಾಡಿ. ಲಿಂಕ್ ಕಳಿಸ್ತೀನಿ, ತುಂಬಿ ಕೈಯೆಳುತ್ತು ಹಾಕಿ." ಕೈಯೆಳುತ್ತು ಎಂದರೆ ಸಹಿ, ತಾಳವಾಡಿಯಲ್ಲಿ ಸಹಿ ಹಾಕುವುದು ತಮಿಳಿನಲ್ಲೇ.

ಯಾರದೋ ಬೈಕಿನ ಹಿಂದೆ ಕೂತು ಊರಿಗೆ ಬರುವಾಗ ಮನೋಹರ ಲೆಕ್ಕ ಹಾಕಿದ. ಸುಳ್ಳು ಬರೆದರೆ ಸೋಮವಾರ ವ್ಯಾನು ಹೊರಡುತ್ತದೆ, ಆದರೆ ಏಳು ಮಕ್ಕಳು ಒಂದು ಪೊಳ್ಳು ಕಾಗದದ ಮೇಲೆ ಕೂತಿರುತ್ತಾರೆ. ನಿಜ ಬರೆದರೆ ವ್ಯಾನು ನಿಲ್ಲುತ್ತದೆ. ನಿಂತರೆ ಆ ಮಕ್ಕಳು? ಪಕ್ಕದ ಬೀದಿಯ ಜಡೆಸ್ವಾಮಿ ಆಗಲೇ ತನ್ನ ಟೊಮೆಟೊ ಸಾಗಿಸುವ ಗೂಡ್ಸ್ ಗಾಡಿಯ ಹಿಂದೆ ಮಕ್ಕಳನ್ನು ನಿಲ್ಲಿಸಿಕೊಂಡು ಒಯ್ಯುತ್ತೇನೆ ಎಂದು ಮನೆಮನೆಗೆ ಹೇಳಿಬಂದಿದ್ದ. ಅವನ ಮೊಮ್ಮಗಳು ಪೂಜಳೂ ಮನೋಹರನ ವ್ಯಾನಿನವಳೇ, ಎರಡನೇ ಕ್ಲಾಸು. ತೆರೆದ ಗಾಡಿಯಲ್ಲಿ, ಕ್ರೇಟುಗಳ ನಡುವೆ, ಹಗ್ಗ ಹಿಡಿದುಕೊಂಡು ಆ ಚಿಳ್ಳೆಪಿಳ್ಳೆಗಳು ನಿಂತಿರುವುದನ್ನು ನೆನೆದರೇ ಅವನಿಗೆ ಕಾಲು ತಂತಾನೇ ಬ್ರೇಕು ಹುಡುಕುತ್ತಿತ್ತು.

ರೇವತಿ ಕೇಳಿದವಳೇ ಒಂದೇ ಮಾತಿನಲ್ಲಿ ಮುಗಿಸಿದಳು. "ಇಲ್ಲ ಅಂತ್ಲೇ ಒತ್ತಿ. ನೀವೇನು ಕುಡ್ದು ಓಡ್ಸಿದ್ರಾ? ಎಡೆ ಮುಟ್ಟಿದ್ದು. ಇಲ್ಲ ಅನ್ನದೇ ನ್ಯಾಯ." ಅವಳೂ ನಂಬಿದ್ದಳು. ಗಂಡನ ಮೇಲೆ ಗುಮಾನಿಪಡುವ ಅಭ್ಯಾಸ ಅವಳಿಗಿರಲಿಲ್ಲ. ಮನೋಹರ ಅದಕ್ಕಾಗಿ ಅವಳ ಮೇಲೇ ರೇಗಿ, ಆಮೇಲೆ ಯಾಕೆ ರೇಗಿದೆ ಎಂದು ನಾಚಿ, ಹೊಂಗೆ ಮರದ ಕೆಳಗೆ ಹೋಗಿ ವ್ಯಾನಿನ ಗಾಜು ಒರೆಸಿದ.

ಶನಿವಾರ ಮಧ್ಯಾಹ್ನ ಸ್ಪಂದನ ಅಮ್ಮನ ಮೊಬೈಲು ಹಿಡಿದು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮನೋಹರನಿಗೆ ಕನ್ನಡ ಓದಲು ಬರುತ್ತದೆ, ತಮಿಳು ಮಾತು ಬರುತ್ತದೆ, ಇಂಗ್ಲಿಷು ಬೋರ್ಡಿನ ಮೇಲೆ ಕಂಡರೆ ಗುರುತು ಸಿಗುತ್ತದೆ. ಈ ಮನೆಯಲ್ಲಿ ಫಾರಂ ಎಂದರೆ ಸ್ಪಂದನಳ ಕೆಲಸ. ರೇಷನ್ ಕಾರ್ಡಿನ ಫಾರಂ ತುಂಬಿದವಳೂ ಅವಳೇ. ಎಂಟನೇ ಕ್ಲಾಸಿಗೆ ಕಾಲಿಡುತ್ತಿರುವ ಹುಡುಗಿ, ಆದರೆ ಫಾರಂ ಕೈಗೆ ಬಂದರೆ ತಹಸೀಲ್ದಾರರ ಗತ್ತು. ಹೆಸರು ಬರೆದಳು, ಊರು ಬರೆದಳು. ಚಾಸಿ ನಂಬರು ಬೇಕೆಂದಾಗ ಎದ್ದು ಹೋಗಿ, ಕೋಳಿಗೆ ಸಮಾಧಾನ ಹೇಳಿ, ತಗಡಿನ ಮೇಲಿನದನ್ನು ಓದಿಕೊಂಡು ಬಂದಳು. ಮಂಚಮ್ಮ ಕಂಬಕ್ಕೊರಗಿ ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದಳು.

"ಅಪ್ಪ, ಹನ್ನೆರಡು ಬಂತು. ಇಲ್ಲ ಅಂತ ಒತ್ಲಾ?" ಬೆರಳು ಆಗಲೇ ಗಾಜಿನ ಮೇಲಿತ್ತು.

ಮನೋಹರ ಶುಕ್ರವಾರ ಸಂಜೆಯಿಂದ ಈ ಹೊತ್ತಿಗಾಗಿ ಒಂದು ಉತ್ತರ ಕಟ್ಟಿಕೊಂಡಿದ್ದ. "ಬ್ಯಾಡ ಕೂಸೆ. ಔದು ಅಂತ್ಲೇ ಒತ್ತು. ಕೋರ್ಟಲ್ಲಿ ಶಿಕ್ಷೆ ಆಗಿರದು ದಿಟ ತಾನೆ? ಐಕ್ಳು ಕೂರೋ ಗಾಡಿ. ಸುಳ್ಳು ಬ್ಯಾಡ."

ಅಷ್ಟು ಹೇಳಿದಾಗ ಅವನ ಎದೆ ಹಗುರಾಯಿತು, ಇದನ್ನು ಒಪ್ಪಿಕೊಳ್ಳಬೇಕು. ನಿಜವನ್ನೂ ಹೇಳಿದ ಹಾಗಾಯಿತು, ಮಗಳ ಕಣ್ಣಿನಲ್ಲಿ ಎತ್ತರಕ್ಕೂ ಹೋದ ಹಾಗಾಯಿತು. ಶಿಕ್ಷೆ ಆಗಿದೆ ಎನ್ನುವುದು ಬೇರೆ, ತಪ್ಪು ಮಾಡಿದ್ದೆ ಎನ್ನುವುದು ಬೇರೆ. ಎರಡರ ನಡುವಿನ ಸಂದಿಯಲ್ಲಿ ತೂರಿ ಹೊರಗೆ ಬಂದೆ ಎಂದುಕೊಂಡ. ಸ್ಪಂದನ ಅಪ್ಪನ ಮುಖವನ್ನೇ ನೋಡಿದಳು. ಆ ನೋಟದಲ್ಲಿದ್ದ ಮೆಚ್ಚುಗೆ ಅವನಿಗೆ ಚುರುಕ್ಕೆಂದಿತು.

"ಔದು" ಒತ್ತಿದ್ದೇ ತಡ, ಕೆಳಗೆ ಹೊಸದೊಂದು ಖಾಲಿ ಚೌಕ ತೆರೆದುಕೊಂಡಿತು.

"ವಿವರ ಬರೀರಿ ಅಂತ ಅದ ಅಪ್ಪ. ಒಳ್ಳೇದೇ ಆಯ್ತು. ಕೋರ್ಟಲ್ಲಿ ನನ್ನ ಕೇಳ್ಲಿಲ್ಲ, ಇಲ್ಲಾದ್ರೂ ಬರೀತೀನಿ ನೋಡು." ಸ್ಪಂದನ ತುಟಿ ಕಚ್ಚಿಕೊಂಡು, ಅಕ್ಷರ ಅಕ್ಷರ ಹುಡುಕಿ, ಬಹಳ ಹೊತ್ತು ಬರೆದಳು. ಇಂಗ್ಲಿಷಿನಲ್ಲಿ ಬರೆದು ಕನ್ನಡದಲ್ಲಿ ಓದಿ ಹೇಳಿದಳು. "ನಮ್ಮ ತಂದೆ ಕುಡಿಯುವವರಲ್ಲ. ತೀರಿಹೋದ ನಮ್ಮ ತಾತನಿಗೆ ಇಟ್ಟ ಎಡೆಯನ್ನು ಪದ್ಧತಿಯಂತೆ ಒಂದು ಲೋಟ ಮಾತ್ರ ತೆಗೆದುಕೊಂಡರು. ಆಮೇಲೆ ಒಂದು ಹನಿಯೂ ಮುಟ್ಟಲಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದಕ್ಕೆ ನಾನೇ ಸಾಕ್ಷಿ. ಎಂ. ಸ್ಪಂದನ, ಎಂಟನೇ ತರಗತಿ. ಸರಿಯಾಗದಾ ಅಪ್ಪ? ಕಳಿಸ್ಬುಡ್ಲಾ?"

ಮೊರದ ಸದ್ದು ನಿಂತಿತು. ಮಂಚಮ್ಮ ತಲೆಯೆತ್ತಲಿಲ್ಲ. ಕಾಳಿನ ಮೇಲೆ ಕೈ ಹಾಗೇ ಇತ್ತು.

ಮನೋಹರ ಮಗಳ ಹೆಬ್ಬೆರಳನ್ನು ನೋಡಿದ. ಅವಳು ಅದನ್ನು ಒತ್ತಿದರೆ ಮುಗಿಯಿತು. ದೊಡ್ಡ ಆಫೀಸಿನಲ್ಲಿ ಯಾರೋ ಓದಿ ಕರಗಲೂಬಹುದು, ಕಾಗದ ಬರಲೂಬಹುದು. ಊರಿಗೆಲ್ಲ ಹೇಳಿದ್ದ ಸುಳ್ಳು ಅವನದು, ಅದನ್ನು ಅವನು ಹೊತ್ತುಕೊಂಡು ತಿರುಗಬಲ್ಲ. ಆದರೆ ಇದರ ಕೆಳಗೆ ಅವಳ ಹೆಸರಿತ್ತು. ಹದಿಮೂರು ವರ್ಷದ ಹುಡುಗಿ, ತನಗೆ ತಿಳಿಯದೆಯೇ, ಅಪ್ಪನಿಗಾಗಿ ಸುಳ್ಳು ಸಾಕ್ಷಿ ಹಾಕಿ ಕೂತಿದ್ದಳು. ಓಡಿ ಹೋಗಲು ಜಗಲಿಯ ಮೇಲೆ ಜಾಗವಿರಲಿಲ್ಲ. ಹೊರಗೆ ವ್ಯಾನು ನಿಂತಿತ್ತು, ಒಳಗೆ ರೇವತಿ ಒಗ್ಗರಣೆ ಹಾಕುತ್ತಿದ್ದಳು, ನಡುವೆ ಅವನು.

"ಅಳ್ಸು" ಎಂದ.

"ಯಾಕಪ್ಪ? ಸ್ಪೆಲ್ಲಿಂಗ್ ಎಲ್ಲಾ ಸರಿಯಾಗದ."

"ಅಳ್ಸವ್ವ. ನೀನು ನೋಡಿದ್ದು ಒಂದ್ನ. ಇನ್ನೂ ಇತ್ತು."

"ಏನಿತ್ತು?"

"ಲೋಟ. ಉಂಡಾದ್ಮ್ಯಾಕೆ ಕೊಟ್ಗೆ ಹಿಂದ್ಕ ಓಗಿದ್ದೆ. ಅಲ್ಲಿ ಎರಡು ಕುಡ್ದೆ. ಒಂದು ತಾತಂದು, ಎರಡು ನಂದು. ನಂಗ ಬೇಕಾಗಿತ್ತು, ಕುಡ್ದೆ."

ಸ್ಪಂದನ ಮೊಬೈಲಿನಿಂದ ಬೆರಳು ತೆಗೆದಳು. ಆಮೇಲೆ, ಲೆಕ್ಕ ಸರಿಯಾಗಿದೆಯೋ ಎಂದು ಕೇಳುವವಳ ಹಾಗೆ ಕೇಳಿದಳು.

"ಆಮ್ಯಾಕೆ ನಮ್ಮನ್ನ ಕೂರ್ಸ್ಕಂಡೆ."

"ಕೂರ್ಸ್ಕಂಡೆ."

"ಅಜ್ಜೀನೂ ಇತ್ತು, ಅಮ್ಮನೂ ಇತ್ತು, ನಾನೂ ಇದ್ದೆ."

"ಇದ್ರಿ."

"ನಾನು ಪೊಲೀಸ್ನೋರ್ತಾವ ಕೂಗಾಡ್ದೆ. ದೊಡ್ಡ ಮಿಸ್ಗೂ ಯೋಳ್ದೆ. ಅವಳ ಜಡೆ ಹಿಡ್ದು ಒಡ್ದೆ."

ಒಳಗಿನಿಂದ ರೇವತಿ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಕೈಯ ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಸ್ಪಂದನ ಬರೆದದ್ದನ್ನು ಅಳಿಸತೊಡಗಿದಳು. ಒಟ್ಟಿಗೆ ಅಳಿಸುವ ಉಪಾಯ ಅವಳಿಗೆ ಗೊತ್ತಿತ್ತು, ಆದರೂ ಒಂದೊಂದೇ ಅಕ್ಷರವಾಗಿ, ಹಿಂದಿನಿಂದ, ತನ್ನ ಹೆಸರಿನಿಂದ ಶುರುಮಾಡಿ ಅಳಿಸಿದಳು. ಕೊನೆಗೆ ಚೌಕ ಖಾಲಿಯಾಯಿತು.

"ಈಗ ಏನ್ ಬರೀಲಿ ಯೋಳು."

"ಮೂರು ಲೋಟ ಕುಡ್ದು ಗಾಡಿ ಓಡ್ಸಿದ್ದೆ ಅಂತ ಬರಿ. ಆಮ್ಯಾಕೆ ಒಂದು ಹನೀನೂ ಮುಟ್ಟಿಲ್ಲ ಅಂತ ಬರಿ. ಅದು ದಿಟ."

ಅವಳು ಮೊದಲನೆಯದನ್ನು ಬರೆದಳು. ಎರಡನೆಯದಕ್ಕೆ ಬೆರಳು ತಡೆದು, "ಅದು ನಂಗ ಗೊತ್ತಿಲ್ಲ. ನೀನೇ ಬರ್ಕೊ" ಎಂದು ಮೊಬೈಲನ್ನು ಅವನ ತೊಡೆಯ ಮೇಲಿಟ್ಟು, ಎದ್ದು ಒಳಗೆ ಹೋದಳು. ಮನೋಹರನಿಗೆ ಇಂಗ್ಲಿಷ್ ಬರೆಯಲು ಬರುವುದಿಲ್ಲ. ಒಂದೇ ಸಾಲಿದ್ದ ಆ ಫಾರಮ್ಮನ್ನು, ಪ್ರಕಾಶ ಹೇಳಿಕೊಟ್ಟಿದ್ದ ಹಸಿರು ಗುಂಡಿ ಒತ್ತಿ ಹಾಗೆಯೇ ಕಳಿಸಿದ.

ಮಂಚಮ್ಮ ಮತ್ತೆ ಮೊರ ಕೈಗೆತ್ತಿಕೊಂಡಳು. "ನನ್ ತಮ್ಮ ಇದ್ದಿದ್ರ ನಿಂಗ ಕಾಲ್ನ ಕೆರ ತಕ್ಕಂಡು ಒಡೀತಿದ್ದ" ಎಂದಳು, ಏಳು ತಿಂಗಳಲ್ಲಿ ಮೊದಲ ಸಲ. ಎರಡು ಸಲ ಕೇರಿ, "ಉಣ್ಣೋಗು" ಎಂದಳು. ರೇವತಿ ತಟ್ಟೆಗೆ ಇಕ್ಕಿದಳು, ಪಕ್ಕದಲ್ಲಿ ಕೂರಲಿಲ್ಲ.

ಭಾನುವಾರ ಮನೋಹರ ಏಳು ಬಾಗಿಲಿಗೂ ಹೋಗಿ ನಾಳೆ ವ್ಯಾನು ಬರುವುದಿಲ್ಲ ಎಂದ. ಯಾಕೆ ಎಂದು ಕೇಳಿದವರಿಗೆ ಇನ್ಶೂರೆನ್ಸ್ ಬಂದಿಲ್ಲ ಎಂದಷ್ಟೇ ಹೇಳಿದ. ಮುಂದಿನದು ನಾಲಿಗೆಯ ತುದಿಗೆ ಬಂದು ನಿಂತು, ಎಲ್ಲರ ಬಾಗಿಲಲ್ಲೂ ವಾಪಸು ಹೋಯಿತು. ಕೊನೆಯ ಬಾಗಿಲು ಜಡೆಸ್ವಾಮಿಯದು. "ಗೂಡ್ಸ್ ಗಾಡೀಲಿ ಐಕ್ಳ ನಿಲ್ಲಿಸ್ಬ್ಯಾಡಿ ಅಣ್ಣ. ನಾನು ನಡಸ್ಕಂಡು ಓಯ್ತೀನಿ, ಟಾರ್ ರೋಡ್ಗಂಟ. ಬಸ್ ಅತ್ತಿಸ್ಬುಟ್ಟು ಬತ್ತೀನಿ. ಸಾಯಂಕಾಲ ಮತ್ತೆ ಓಯ್ತೀನಿ" ಎಂದ. ಜಡೆಸ್ವಾಮಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ವ್ಯಾನ್ ಮಡಿಕಂಡು ನಡೀತಿಯೇನ್ಲಾ?" ಎಂದು ನಕ್ಕ. ಆದರೆ ಸೋಮವಾರ ಬೆಳಗ್ಗೆ ಪೂಜಳನ್ನು ಕಳಿಸಿಕೊಟ್ಟ.

ಸೋಮವಾರ ಪ್ರಕಾಶನಿಂದ ಒಂದು ಮೆಸೇಜು ಬಂದಿತ್ತು: ದೊಡ್ಡ ಆಫೀಸಿನಲ್ಲಿ ಪರಿಶೀಲನೆಯಲ್ಲಿದೆ, ಕಾಯಿರಿ. ಎಷ್ಟು ದಿನ ಎಂದಿರಲಿಲ್ಲ. ಏಳು ಗಂಟೆಗೆ ಮನೋಹರ ಹೊಂಗೆ ಮರದ ಕೆಳಗಿನ ವ್ಯಾನನ್ನು ದಾಟಿ ರಸ್ತೆಗೆ ಬಂದ. ಒಂದು ಕೈಯಲ್ಲಿ ಬಡಿಗೆ, ಇನ್ನೊಂದರಲ್ಲಿ ಬಡಿಯಲು ಎಣ್ಣೆಯ ಖಾಲಿ ಡಬ್ಬ. ಹಿಂದೆ ಏಳು ಮಕ್ಕಳು. ಹತ್ತೊಂಬತ್ತು ವರ್ಷದಲ್ಲಿ ಆ ರಸ್ತೆಯನ್ನು ಅವನು ಕಾಲಿನಿಂದ ಅಳೆದದ್ದೇ ಇಲ್ಲ. ವ್ಯಾನಿಗೆ ಎಂಟು ನಿಮಿಷದ ದಾರಿ ಅಂದು ಮುಗಿಯುವಂತೆಯೇ ಇರಲಿಲ್ಲ. ಪ್ರತಿ ಗುಂಡಿಯೂ ಅವನಿಗೆ ಗೊತ್ತಿತ್ತು, ಆದರೆ ಚಕ್ರದಡಿಯಲ್ಲಿ ಗೊತ್ತಿತ್ತು. ಸ್ಪಂದನ ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ಶನಿವಾರದಿಂದ ಅವಳು ಅಪ್ಪನೊಡನೆ ಮಾತಾಡಿರಲಿಲ್ಲ. ಬ್ಯಾಗು ಹೊರುತ್ತೇನೆ ಎಂದಾಗ ಕೊಟ್ಟಿರಲಿಲ್ಲ.

ಕಂದಕ ಕುಸಿದ ಜಾಗದಲ್ಲಿ ಹಸಿ ಲದ್ದಿ ಬಿದ್ದಿತ್ತು. ಮನೋಹರ ಮಕ್ಕಳನ್ನು ನಿಲ್ಲಿಸಿ, ಡಬ್ಬ ಬಡಿದು, ಜೋಳದ ಕಡೆ ಕಿವಿಕೊಟ್ಟು ನೋಡಿದ. ಏನೂ ಇಲ್ಲ. ಹೊರಡಿ ಎಂದು ಕೈ ಮಾಡಿದಾಗ ಪೂಜ ಅವನ ಅಂಗಿಯ ತುದಿ ಹಿಡಿದಳು.

"ವ್ಯಾನ್ ಮಾವ, ವ್ಯಾನು ಯಾವಾಗ ಬತ್ತದ?"

"ಅದು ಏನಾಯ್ತು ಅಂದ್ರ ಕೂಸೆ..." ಎಂದು ಮನೋಹರ ಶುರುಮಾಡಿದ. ಏಳು ತಿಂಗಳ ಅಭ್ಯಾಸ. ತಿಥಿ, ಎಡೆ, ಲೋಟ, ಎಲ್ಲ ಸಾಲಾಗಿ ನಾಲಿಗೆಯ ಮೇಲೆ ಬಂದು ನಿಂತವು.

"ನಮ್ಮಪ್ಪ ಕುಡ್ದು ಗಾಡಿ ಓಡ್ಸ್ದ. ಅದ್ಕ ಪೇಪರ್ ಕೊಟ್ಟಿಲ್ಲ." ಹಿಂದಿನಿಂದ ಸ್ಪಂದನಳ ದನಿ ಬಂತು. ಪೊಲೀಸರ ಮುಂದೆ, ದೊಡ್ಡ ಮೇಡಂ ಮುಂದೆ ಅವನಿಗಾಗಿ ಕೂಗಿದ್ದ ಅದೇ ಗಟ್ಟಿ ದನಿ. ಏಳೂ ಮಕ್ಕಳಿಗೆ ಕೇಳಿಸಿತು. ಸಂಜೆಯೊಳಗೆ ಏಳು ಮನೆಗೆ, ನಾಳೆ ಬೆಳಗ್ಗೆ ಡೈರಿಗೆ ಕೇಳಿಸುತ್ತದೆ.

ಪೂಜ ಯೋಚಿಸಿದಳು. "ನಮ್ಮಪ್ಪನೂ ಕುಡೀತದ" ಎಂದಳು. "ಆದ್ರ ನಮ್ಮಪ್ಪನ್ಗ ಗಾಡಿ ಓಡ್ಸಕ್ಕ ಬರಲ್ಲ."

ಮನೋಹರ ಡಬ್ಬ ಹಿಡಿದು ನಿಂತೇ ಇದ್ದ. ಒಂದು ಕಡೆ ಕಂದಕ, ಒಂದು ಕಡೆ ಜೋಳ, ಹಿಂದೆ ಏಳು ಜೊತೆ ಕಣ್ಣು; ಮುಖ ಮುಚ್ಚಿಕೊಳ್ಳಲು ಕೂಡ ಎರಡೂ ಕೈಗೆ ಬಿಡುವಿರಲಿಲ್ಲ. ತಿರುಗಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

"ಔದು ಕೂಸೆ" ಎಂದ ಪೂಜಳಿಗೆ. "ಕುಡ್ದು ಓಡ್ಸಿದ್ದೆ."

ಸ್ಪಂದನ ಮಕ್ಕಳನ್ನು ದಾಟಿ ಮುಂದೆ ಬಂದಳು. ಅವನ ಮುಖ ನೋಡದೆ, ಅವನ ಎರಡೂ ಕೈ ತುಂಬಿದ್ದನ್ನು ನೋಡಿ, ಡಬ್ಬವನ್ನು ಕಿತ್ತುಕೊಂಡು ತಾನೇ ಹಿಡಿದಳು.

"ನಡಿ ಅಪ್ಪ. ಬಸ್ ಓಯ್ತದ."